ಸೆರಗಿನಿಂದ ಒರೆಸಿದ ಎಲೆ

ಎಲ್ಲರ ಮಣಿಕಟ್ಟಿಗೂ ಸರ್ಕಾರದ ಪಟ್ಟಿ ಬಂದು ಹನ್ನೊಂದು ವರ್ಷವಾಗಿತ್ತು. ಯಾರು ಎಲ್ಲಿದ್ದಾರೆ ಎಂಬುದು ಪಟ್ಟಿಗೆ ಗೊತ್ತು, ಪಟ್ಟಿ ಹೇಳಿದ್ದೆಲ್ಲ ಊರೂರಿನ ಪರದೆಗಳಿಗೆ ಗೊತ್ತು. ಇಷ್ಟಾದರೂ ಜನ ಕಳೆದುಹೋಗುವುದು ಮಾತ್ರ ನಿಂತಿರಲಿಲ್ಲ. ಕಳೆದುಹೋಗುವವರು ಪಟ್ಟಿ ಇಲ್ಲದವರೇ ಆಗಿರುತ್ತಿದ್ದರು. ಮರೆವು ಹತ್ತಿದ ಮುದುಕರು ಅದನ್ನು ಬಿಚ್ಚಿ ದೇವರ ಮುಂದೆ ಇಟ್ಟು ಬಿಡುತ್ತಿದ್ದರು, ಮಕ್ಕಳು ಕೈ ಕೆರೆಯುತ್ತದೆಂದು ಬಾವಿಗೆ ಎಸೆಯುತ್ತಿದ್ದರು. ಇಂಥವರನ್ನು ವಾಸನೆ ಹಿಡಿದೇ ಹುಡುಕಬೇಕು ಎಂದು ಹೊರಟವಳು ಡಾಕ್ಟರ್ ಪ್ರಮೋದಿನಿ ಹಲಗತ್ತಿ. ನಾಯಿಯ ಮೂಗನ್ನು ನಂಬಿ ಅಲ್ಲ, ಪತಂಗದ ಮೀಸೆಯನ್ನು ನಂಬಿ.

ಧಾರವಾಡ ಜಿಲ್ಲೆಯ ಪಡುವಣ ಅಂಚಿನಲ್ಲಿ ಮತ್ತಿಕೊಪ್ಪ ಎಂಬ ಊರು, ಅಲ್ಲಿ ಅವಳ ಸಂಶೋಧನಾ ಕೇಂದ್ರ. ಅದರಾಚೆ ತೇಗ, ಮತ್ತಿ, ದಿಂಡಲದ ಕಾಡು. ಆ ಮತ್ತಿ ಮರದ ಮೇಲೆ ಟಸರ್ ರೇಷ್ಮೆಯ ಪತಂಗ ಬದುಕುತ್ತದೆ. ಒಂಬತ್ತು ದಿನ ಮೊಟ್ಟೆ, ನಲವತ್ತು ದಿನ ಹುಳ, ಮೂರು ವಾರ ಗೂಡಿನೊಳಗೆ ಕೋಶ, ಕೊನೆಗೆ ಏಳೆಂಟು ದಿನ ಪತಂಗ. ಅದರ ಆಯುಷ್ಯ ಇಷ್ಟೇ. ಉಣ್ಣುವುದೆಲ್ಲ ಹುಳವಾಗಿದ್ದಾಗ. ರೆಕ್ಕೆ ಬಂದ ಮೇಲೆ ಅದಕ್ಕೆ ಉಣ್ಣಲು ಬಾಯಿಯೇ ಇಲ್ಲ. ಗಂಡು ಪತಂಗದ ತಲೆಯ ಮೇಲೆ ಎರಡು ಗರಿಯಂಥ ಮೀಸೆಗಳಿರುತ್ತವೆ. ಅವುಗಳಿಂದ ಅದು ಮೈಲುಗಟ್ಟಲೆ ದೂರದ ಹೆಣ್ಣಿನ ವಾಸನೆ ಹಿಡಿದು ಕತ್ತಲಲ್ಲಿ ತಪ್ಪದೆ ಹೋಗಿ ಸೇರುತ್ತದೆ.

ಆ ಮೀಸೆಗೆ ಮನುಷ್ಯರ ವಾಸನೆಯ ಪಾಠ ಹೇಳಿಕೊಟ್ಟರೆ? ಪ್ರಮೋದಿನಿಯ ಇಡೀ ಕೆಲಸ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಗೂಡಿನೊಳಗೆ ಹುಳದ ಮೈ ಬಹುಪಾಲು ಕರಗಿ ಗಂಜಿಯಾಗಿ, ಆ ಗಂಜಿಯಿಂದ ಪತಂಗ ಮೂಡುತ್ತದೆ. ಆದರೆ ಮಿದುಳಿನ ಸಣ್ಣದೊಂದು ತುಣುಕು ಕರಗದೆ ಉಳಿಯುತ್ತದೆ. ಹುಳ ತನ್ನ ಕೊನೆಯ ವಾರದಲ್ಲಿ ಕಲಿತ ವಾಸನೆ ಆ ತುಣುಕಿನಲ್ಲಿ ಉಳಿದುಕೊಂಡರೆ ಪತಂಗ ಅದನ್ನೇ ಹುಡುಕಿಕೊಂಡು ಹಾರಬೇಕು.

ವಾಸನೆ ಕೊಡುವ ಮನುಷ್ಯನಾಗಿ ಕೇಂದ್ರದ ತಂತ್ರಜ್ಞ ಇಮಾಮಸಾಬ ನದಾಫ ತಾನೇ ಮುಂದೆ ಬಂದಿದ್ದ. ಅವನು ತೊಟ್ಟು ಬಿಟ್ಟ ಬನಿಯನ್ನನ್ನು ನೀರಿನಲ್ಲಿ ನೆನೆಸಿ, ಆ ನೀರನ್ನು ಕೊನೆಯ ವಾರದ ಎಲೆಗಳ ಮೇಲೆ ಸಿಂಪಡಿಸುವುದು. ಆ ಎಲೆಯನ್ನು ಹುಳಗಳಿಗೆ ಹಾಕುವುದು ದುಂಡವ್ವನ ಕೆಲಸ. ದುಂಡವ್ವ ಅದೇ ಊರಿನವಳು, ಅರವತ್ತರ ಹತ್ತಿರದವಳು. ಹಾವೇರಿ ಕಡೆಯ ತವರಿನಲ್ಲಿ ರೇಷ್ಮೆ ಹುಳ ಸಾಕಿ ಬೆಳೆದವಳಾದ್ದರಿಂದ ಅವಳಿಗೆ ಯಾರೂ ಏನನ್ನೂ ಹೇಳಿಕೊಡುವ ಪ್ರಮೇಯವಿರಲಿಲ್ಲ. ಹೇಳಿಕೊಟ್ಟರೂ ಅವಳು ಕೇಳುವವಳಲ್ಲ.

ಪರೀಕ್ಷೆಯ ಸಂಜೆ ಇಪ್ಪತ್ತು ಗಂಡು ಪತಂಗಗಳ ಬೆನ್ನಿಗೆ ಸಾಸಿವೆ ಕಾಳಿನಷ್ಟು ಟ್ರಾನ್ಸ್‌ಮಿಟರ್ ಅಂಟಿಸಿ ಬಿಟ್ಟರು. ಇಮಾಮಸಾಬ ಎರಡು ಕಿಲೋಮೀಟರ್ ಉತ್ತರಕ್ಕೆ, ಒಂದು ನೇರಳೆ ಮರದ ಕೆಳಗೆ ಸ್ಟೂಲು ಹಾಕಿಕೊಂಡು ಕೂತಿದ್ದ. ಪ್ರಮೋದಿನಿ ಕಂಟ್ರೋಲ್ ರೂಮಿನಲ್ಲಿ ಉಗುರು ಕಚ್ಚುತ್ತ ಪರದೆ ನೋಡುತ್ತಿದ್ದಳು. ಇಪ್ಪತ್ತು ಹಸಿರು ಚುಕ್ಕೆಗಳು ಸ್ವಲ್ಪ ಹೊತ್ತು ಗಿರಗಿರ ತಿರುಗಿ, ಒಂದರ ಹಿಂದೊಂದು ದಕ್ಷಿಣಕ್ಕೆ ಹೊರಟವು.

"ಮೇಡಮ್ಮಾರ, ಇಲ್ಲಿ ಒಂದೂ ಬಂದಿಲ್ರಿ. ಬರೇ ಸೊಳ್ಳಿ ಬಂದಾವು," ವಾಕಿಟಾಕಿಯಲ್ಲಿ ಇಮಾಮಸಾಬನ ದನಿ ಬಂತು. "ಎಂಟು ದಿನದಿಂದ ಬನೀನು ಒಗೀಲಾರದ ಹಾಕ್ಕೊಂಡೀನಿ. ಹೇಣ್ತಿ ಹೊರಗ ಕಟ್ಟೀ ಮ್ಯಾಲೆ ಮಲಗಸ್ಯಾಳ. ನನ್ನ ವಾಸನಿ ಹುಳಕ್ಕೂ ಬ್ಯಾಡಾತೇನ್ರಿ?"

ಅಷ್ಟರಲ್ಲಿ ಹದಿನಾಲ್ಕು ಚುಕ್ಕೆಗಳು ಊರಿನ ಒಂದು ಮನೆಯ ಮೇಲೆ ಗುಂಪಾಗಿದ್ದವು. ಅದು ದುಂಡವ್ವನ ಮನೆ. ದೀಪ ಕಂಡರೆ ಪತಂಗ ಹೋಗಿ ಬೀಳುತ್ತದೆ ಎಂಬುದು ಮಗುವಿಗೂ ಗೊತ್ತಿರುವ ಸಂಗತಿ. ಪ್ರಮೋದಿನಿ ಕನ್ನಡಕ ತೆಗೆದಿಟ್ಟು ಕಣ್ಣೊರೆಸಿಕೊಂಡಳು. ಆರು ವರ್ಷದ ಕೆಲಸ ಒಂದು ನಲವತ್ತು ವ್ಯಾಟಿನ ಬಲ್ಬಿನ ಎದುರು ಸೋತಿತ್ತು. ವರದಿಯಲ್ಲಿ ಅವಳು ಒಂದೇ ಸಾಲು ಬರೆದಳು: ಹುಳದ ನೆನಪು ಗೂಡನ್ನು ದಾಟುವುದಿಲ್ಲ.

ಮರುದಿನ ದುಂಡವ್ವ ಮುಖದ ತುಂಬ ನಗೆ ಹೊತ್ತು ಬಂದಳು.

"ಅಕ್ಕೋರ, ನಿನ್ನಿ ಸಂಜಿಮುಂದ ನಮ್ಮ ಮನಿಗೆ ಬೀಗರು ಬಂದಿದ್ರು. ಹದಿನಾಲ್ಕು ಮಂದಿ! ಹಗ್ಗದ ಮ್ಯಾಲೆ ಒಣಹಾಕಿದ್ದ ನನ್ನ ಸೀರಿ ತುಂಬ ಕುಂತಿದ್ವು. ಒಂದು ಬಂದು ನನ್ನ ಹೆಗಲ ಮ್ಯಾಲೆ ಕುಂತ್ಕೋತು ನೋಡ್ರಿ. ಬಂದವ್ರಿಗೆ ನೀರು ಕೊಡೂಣಂದ್ರ ಬಾಯಿಲ್ಲ, ಅರಿಷಿಣ ಕುಂಕುಮ ಹಚ್ಚೂಣಂದ್ರ ಹಣಿ ಇಲ್ಲ."

"ಲೈಟಿಗೆ ಬಂದಾವ, ದುಂಡವ್ವ."

"ಎಲ್ಲೀ ಲೈಟ್ರಿ? ನಿನ್ನಿ ಕರೆಂಟ..."

ಫೋನು ಬಡಿದುಕೊಂಡಿತು. "ಆಮ್ಯಾಲೆ ಹೇಳು," ಎಂದು ಪ್ರಮೋದಿನಿ ಫೋನೆತ್ತಿಕೊಂಡು ಒಳಗೆ ಹೋದಳು. ಆಮೇಲೆ ಎಂಬುದು ಎಲ್ಲ ಕಚೇರಿಗಳಲ್ಲಿ ಯಾವಾಗ ಬರುತ್ತದೆಯೋ ಅಲ್ಲಿಯೂ ಆವಾಗಲೇ ಬಂತು.

ಫೋನು ಮಾಡಿದ್ದು ಯೋಜನೆಯ ಪರಿಶೀಲನಾ ಸಮಿತಿ. ಪರೀಕ್ಷೆ ನಿಲ್ಲಿಸಿ, ಉಳಿದದ್ದನ್ನು ವಿಲೇವಾರಿ ಮಾಡಿ, ಕೇಂದ್ರ ಮುಚ್ಚಿ ಎಂದಷ್ಟೇ ಅವರು ಹೇಳಿದ್ದು. ಉಳಿದದ್ದು ಎಂದರೆ ಗೂಡಿನ ಕೋಣೆಯಲ್ಲಿದ್ದ ಎರಡನೇ ಕಂತು. ಎರಡು ತಟ್ಟೆ, ತಟ್ಟೆಗೆ ಇಪ್ಪತ್ತರಂತೆ ನಲವತ್ತು ಗಂಡು ಗೂಡು. ದಪ್ಪನೆಯ ಹೆಣ್ಣು ಗೂಡುಗಳನ್ನು ಬೀಜಕ್ಕೆಂದು, ಅಂದರೆ ಮುಂದಿನ ಮೊಟ್ಟೆಗೆಂದು, ಮೊದಲೇ ಬೇರೆ ಇಟ್ಟಿದ್ದರು. ಪತಂಗ ಗೂಡು ಒಡೆದು ಹೊರಬಂದರೆ ನೂಲು ತುಂಡಾಗುತ್ತದೆ, ಅದಕ್ಕೂ ಮೊದಲೇ ಉಗಿಯಲ್ಲಿ ಬೇಯಿಸಿ ನೂಲುವವರಿಗೆ ಕೊಟ್ಟರೆ ಸೀರೆಗಾದರೂ ಆಗುತ್ತದೆ. ಗುರುವಾರ ಬೇಯಿಸುವುದೆಂದು ತೀರ್ಮಾನವಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಪ್ರಮೋದಿನಿ ದುಂಡವ್ವನಿಗೆ ಇದನ್ನು ಹೇಳಿದಳು. ಊಟ ಎಂದರೆ ದುಂಡವ್ವ ತರುತ್ತಿದ್ದ ರೊಟ್ಟಿ ಗಂಟೇ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು, "ಒಬ್ಬಾಕಿ ಏನು ಅಡಗಿ ಮಾಡ್ಕೋತೀರಿ" ಎಂದು ಎರಡು ಜೋಳದ ರೊಟ್ಟಿ, ಒಂದಿಷ್ಟು ಪುಂಡಿಪಲ್ಯ, ಶೇಂಗಾ ಹಿಂಡಿ ಮೇಜಿನ ಮೇಲೆ ಇಟ್ಟಿದ್ದಳು. ಅಂದಿನಿಂದ ಒಂದು ದಿನವೂ ತಪ್ಪಿರಲಿಲ್ಲ. ಪ್ರಮೋದಿನಿ ಪರದೆಯನ್ನು ನೋಡುತ್ತ ತಿಂದು ಮುಗಿಸುತ್ತಿದ್ದಳು. ಅವ್ವ ಹೋದ ಮೇಲೆ ಅವಳಿಗೆ ಉಂಡೆಯಾ ಎಂದು ಕೇಳುವವರು ಇರಲಿಲ್ಲ. ಪುಣೆಯ ಅಣ್ಣ ಯುಗಾದಿಗೊಮ್ಮೆ ಫೋನು ಮಾಡುತ್ತಿದ್ದ.

ದುಂಡವ್ವ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು.

"ಬ್ಯಾಡ್ರಿ ಅಕ್ಕೋರ. ಬೇಯಸಬ್ಯಾಡ್ರಿ."

"ನೀ ಹೇಳ್ತೀಯೇನು ಇದನ್ನ? ನಿಮ್ಮ ತವರಾಗ ಗೂಡು ಬೇಯಿಸಲಾರದ ರೇಷ್ಮಿ ತಗೀತಿದ್ರೇನು?"

"ಸಾವಿರ ಗೂಡು ಕುದಿಸೀನ್ರಿ ಈ ಕೈಲೆ, ಇಲ್ಲ ಅನ್ನಂಗಿಲ್ಲ. ಆದ್ರ ಅವು ಯಾವೂ ನನ್ನ ಮನಿ ಹುಡುಕ್ಕೊಂಡು ಬಂದಿರಲಿಲ್ಲ. ಇವು ಬಂದ್ವು. ಬಾಯಿಲ್ಲ, ಇನ್ನ ಉಣ್ಣೂದಿಲ್ಲ, ನನ್ನಿಂದ ಅವಕ್ಕ ಆಗೂದು ಏನೈತಿ? ಆದ್ರೂ ಬಂದ್ವು. ಉಂಡದ್ದು ನೆನಪಿಟ್ಟಾವ."

"ಹುಳ ಹುಳಾನ, ದುಂಡವ್ವ. ಮಕ್ಕಳಲ್ಲ. ಅವಕ್ಕ ಏನೂ ನೆನಪಿಲ್ಲ, ಅದಕ್ಕ ಈ ಕೇಂದ್ರ ಮುಚ್ಚಾಕತ್ತೈತಿ. ಇನ್ನೊಮ್ಮೆ ಈ ಮಾತು ತಗೀಬ್ಯಾಡ."

ಮಾತು ತನಗೇ ಬಿರುಸೆನಿಸುವಷ್ಟು ಬಿರುಸಾಗಿತ್ತು. ದುಂಡವ್ವ ಎದ್ದು ಕೈ ತೊಳೆದುಕೊಂಡಳು, ತನ್ನ ಪಾತ್ರೆ ಕಟ್ಟಿಕೊಂಡಳು, ಪ್ರಮೋದಿನಿಯ ಪಾಲಿನ ರೊಟ್ಟಿಯನ್ನು ಮಾತ್ರ ಬಟ್ಟೆ ಮುಚ್ಚಿ ಮೇಜಿನ ಮೇಲೆ ಬಿಟ್ಟು ಗೂಡಿನ ಕೋಣೆಯ ಕಡೆ ಹೋದಳು. ಅದು ಮಂಗಳವಾರ.

ಬುಧವಾರ ಅವಳು ಬರಲಿಲ್ಲ. ಗೂಡಿನ ಕೋಣೆ ತೆರೆದರೆ ಎರಡು ತಟ್ಟೆಯಲ್ಲಿ ಒಂದು ಮಾಯ. ಉಳಿದ ತಟ್ಟೆಯಲ್ಲಿ ಒಂಬತ್ತು ಗೂಡುಗಳು ಹಿಂದಿನ ಸಂಜೆಯೇ ಒಡೆದು, ಒಂಬತ್ತು ಪತಂಗಗಳು ಕಂದು ರೆಕ್ಕೆ ಬಿಚ್ಚಿ ತಟ್ಟೆಯ ಸುತ್ತ ಕಟ್ಟಿದ್ದ ತೆಳು ಬಟ್ಟೆಯ ಪರದೆಗೆ ಆತುಕೊಂಡಿದ್ದವು. ಪ್ರಮೋದಿನಿಗೆ ಮೈಯೆಲ್ಲ ಉರಿಯಿತು. ಕಳ್ಳತನ! ಪಟ್ಟಿಯ ಪರದೆಯಲ್ಲಿ ದುಂಡವ್ವನ ಹೆಸರು ಹಾಕಿ ನೋಡಿದಳು. ದುಂಡವ್ವ ಮನೆಯ ಹಿತ್ತಲಲ್ಲೇ ಇದ್ದಳು. ಆಗೊಮ್ಮೆ ಈಗೊಮ್ಮೆ ನಾಲ್ಕು ಹೆಜ್ಜೆ ಅತ್ತ ಇತ್ತ ಹಾಕುತ್ತಿದ್ದಳು. ಮನೆಯಲ್ಲಿ ಕೂತು ಸಿಟ್ಟು ತೋರಿಸುತ್ತಿದ್ದಾಳೆ, ತೋರಿಸಲಿ ಎಂದುಕೊಂಡಳು.

ನಾಲ್ಕು ಗಂಟೆಗೆ ದುಂಡವ್ವನ ಗಂಡ ಈರಪ್ಪ ಏದುಸಿರು ಬಿಡುತ್ತ ಬಂದ. ಅವನು ಕಣ್ಣು ತೋರಿಸಲೆಂದು ಹಿಂದಿನ ದಿನ ಬೆಳಿಗ್ಗೆ ಕಲಘಟಗಿಗೆ ಹೋಗಿ ಮಗಳ ಮನೆಯಲ್ಲಿ ಉಳಿದುಕೊಂಡಿದ್ದ. ಕಂಕುಳಲ್ಲಿ ಹೆಂಡತಿಯ ಒಂದು ಸೀರೆ ಇತ್ತು.

"ಆಕಿ ಇಲ್ಲೇನ್ರಿ? ಈಗ ಬಂದು ನೋಡಿದ್ರ ಒಲಿ ಆರಿ ತಣ್ಣಗಾಗೈತಿ, ಎಮ್ಮಿ ಹಿಂಡಿಲ್ಲ, ಒದರಾಕತ್ತೈತಿ. ನಿನ್ನಿ ಮಧ್ಯಾಹ್ನ ಒಂದು ಪುಟ್ಟಿ ಹೊತ್ಕೊಂಡು ಕಾಡಿನ ಕಡಿಗೆ ಹೋದ್ಲಂತ, ಮಗ್ಗಲ ಮನಿಯವ್ರು ಹೇಳ್ತಾರ. ಹೊಳ್ಳಿ ಬಂದಿಲ್ಲ."

"ಮನ್ಯಾಗ ಅದಾಳಲ್ಲ! ಪಟ್ಟಿ ತೋರಸಾಕತ್ತೈತಿ ನೋಡು, ಹಿತ್ತಲದಾಗ."

ಈರಪ್ಪ ಪರದೆಯನ್ನೂ ಅವಳನ್ನೂ ನೋಡಿದ. "ಅದು ಎಮ್ಮಿರಿ. ಪಟ್ಟಿ ಎಮ್ಮಿ ಕೊರಳಾಗ ಐತಿ. ತಪ್ಪಿಸ್ಕೊಂಡು ಹೋಗೂದು ಎಮ್ಮಿ, ನಾನಲ್ಲ ಅಂತ ಆಕೀನ ಕಟ್ಟ್ಯಾಳ."

ಎರಡು ವರ್ಷದಿಂದ ಸರ್ಕಾರವು ಒಂದು ಎಮ್ಮೆಯನ್ನು ದುಂಡವ್ವ ಎಂದು ನಂಬಿಕೊಂಡು ಬಂದಿತ್ತು. ಬೇರೆ ದಿನವಾಗಿದ್ದರೆ ಪ್ರಮೋದಿನಿ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಆ ಬುಟ್ಟಿಯಲ್ಲಿ ಏನಿತ್ತೆಂದು ಅವಳಿಗೆ ಗೊತ್ತಾಗಿತ್ತು. ಬೇಯಿಸಬೇಡಿ ಎಂದರೆ ಕೇಳಲಿಲ್ಲವೆಂದು ಆ ಹೆಣ್ಣುಮಗಳು ಇಪ್ಪತ್ತು ಗೂಡುಗಳನ್ನು ಕಾಡಿನ ಮರಗಳಿಗೆ ಕಟ್ಟಿ ಬರಲು ಒಬ್ಬಳೇ ಹೋಗಿದ್ದಾಳೆ. ಹೋಗಿ ಒಂದು ಹಗಲು ಒಂದು ರಾತ್ರಿ ಕಳೆದಿದೆ. ಆ ಕಾಡಿನಲ್ಲಿ ಕರಡಿಗಳಿವೆ.

ಊರವರು ಕೂಗುತ್ತ ಕಾಡು ಹೊಕ್ಕರು. ಅರಣ್ಯದವರ ಡ್ರೋನು ಬಂದು ಒಂದು ತಾಸು ಸುತ್ತಿತು. ಮಳೆಗಾಲ ಆಗಷ್ಟೇ ಮುಗಿದು ಮರಗಳು ಎಲೆ ಹೊದ್ದು ನಿಂತಿದ್ದವು. ಕೆಳಗೆ ಆನೆ ಮಲಗಿದ್ದರೂ ಮೇಲಿನಿಂದ ಕಾಣುವಂತಿರಲಿಲ್ಲ. ಪೊಲೀಸ್ ನಾಯಿ ನಾಳೆ ಬೆಳಿಗ್ಗೆ ಬರುತ್ತದೆ ಎಂದು ಉತ್ತರ ಬಂತು. ನಾಯಿ ಕರೆಸಿದರೆ ಬೇಕಾದೀತೆಂದೇ ಈರಪ್ಪ ಸೀರೆ ತಂದಿದ್ದ.

ಟಾರ್ಚು ಹುಡುಕಲು ಪ್ರಮೋದಿನಿ ಗೂಡಿನ ಕೋಣೆಯ ಬಾಗಿಲು ತೆರೆದಳು. ಹಿಂದೆಯೇ ಈರಪ್ಪ ಬಂದು ನಿಂತ. ಹಗಲೆಲ್ಲ ಕಡ್ಡಿಯ ಹಾಗೆ ಅಲ್ಲಾಡದೆ ಕೂತಿದ್ದ ಒಂಬತ್ತು ಪತಂಗಗಳು ಒಮ್ಮೆಲೇ ನಡುಗಿದವು. ಗರಿಮೀಸೆ ಬಿಚ್ಚಿ, ರೆಕ್ಕೆ ಪಟಪಟಿಸಿ, ಎಲ್ಲವೂ ಬಾಗಿಲ ಕಡೆ ತಿರುಗಿ ಬಟ್ಟೆಯ ಪರದೆಗೆ ಬಡಿದುಕೊಳ್ಳತೊಡಗಿದವು. ಈರಪ್ಪ ಎಡಕ್ಕೆ ಸರಿದರೆ ಅವೂ ಎಡಕ್ಕೆ ಸರಿದವು.

ಪ್ರಮೋದಿನಿ ಅವನ ಕಂಕುಳಿನ ಸೀರೆಯನ್ನು ನೋಡಿದಳು.

"ಈರಪ್ಪಾ, ಮೊನ್ನಿ ಸಂಜಿಗೆ ಪತಂಗ ನಿಮ್ಮ ಮನಿಗೆ ಬಂದಾಗ ಲೈಟ್ ಹಚ್ಚಿದ್ರೇನು?"

"ಎಲ್ಲೀ ಲೈಟ್ರಿ. ಅವತ್ತ ಮೂರು ತಾಸು ಕರೆಂಟ ಇರಲಿಲ್ಲ. ಕತ್ತಲದಾಗ ಕುಂತಿದ್ವಿ."

ದುಂಡವ್ವ ಹೇಳಲು ಹೊರಟಿದ್ದು ಇದನ್ನೇ. ಪ್ರಮೋದಿನಿ ಆಮೇಲೆ ಹೇಳು ಎಂದಿದ್ದಳು. ಅವಳು ಇಮಾಮಸಾಬನನ್ನು ಕೂಗಿ ಕರೆದಳು. "ನಿಮ್ಮ ಬನೀನಿನ ನೀರು ಹೊಡೆದ ಎಲಿ, ಹಂಗ ಹುಳಕ್ಕ ಹೋಗ್ತಿದ್ವೋ ಇಲ್ಲೋ?"

ಇಮಾಮಸಾಬ ತಲೆ ಕೆರೆದುಕೊಂಡ. "ಹೋಗ್ತಿದ್ವು, ಆದ್ರ ದುಂಡಕ್ಕ ಒಂದೊಂದ ಎಲಿ ಸೆರಗಿಲೆ ಒರಸಿ ಒಣಗಿಸೀನ ಹಾಕ್ತಿದ್ಲು. ಹಸಿ ಎಲಿ ತಿಂದ್ರ ಹುಳಕ್ಕ ಬ್ಯಾನಿ ಬರತೈತಿ, ನಮ್ಮ ತವರಾಗ ತೊಯ್ದ ಎಲಿ ಯಾರೂ ಹಾಕಂಗಿಲ್ಲ ಅಂತಿದ್ಲು."

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ. ಮತ್ತ ಹುಳ ಸಾಯೂದು ನಿಂತಿತ್ತಲ್ರಿ ಮೇಡಮ್ಮಾರ."

ನಿಂತಿತ್ತು, ನಿಜ. ದುಂಡವ್ವ ಬರುವ ಮುಂಚಿನ ವರ್ಷ ಅರ್ಧಕ್ಕರ್ಧ ಹುಳಗಳು ಕಪ್ಪಗಾಗಿ ಕೊಳೆತು ಸತ್ತಿದ್ದವು. ಆಮೇಲೆ ಒಂದೂ ಸಾಯಲಿಲ್ಲ. ಪ್ರಮೋದಿನಿ ಅದರ ಶ್ರೇಯಸ್ಸನ್ನು ಹೊಸ ಗಾಳಿ ಶೋಧಕಕ್ಕೆ ಕೊಟ್ಟು ಒಂದು ಪ್ರಬಂಧವನ್ನೂ ಬರೆದಿದ್ದಳು! ಹುಳಗಳು ಬದುಕಿದ್ದು ಸೆರಗಿನಿಂದ. ಅವು ಕಲಿತ ಪಾಠವೂ ಸೆರಗಿನದೇ. ಒಲೆಯ ಹೊಗೆ, ಅರಿಸಿನ, ತಂಬಾಕು, ಎಮ್ಮೆಯ ಹಾಲು, ಅದರ ಕೆಳಗೆ ದುಂಡವ್ವ ಎಂಬ ಒಬ್ಬ ಹೆಂಗಸು. ನೆನಪು ಗೂಡನ್ನು ದಾಟಿತ್ತು.

ಇದನ್ನೆಲ್ಲ ಯೋಚಿಸುತ್ತ ನಿಲ್ಲಲು ಹೊತ್ತಿರಲಿಲ್ಲ. ಪಡುವಣದಿಂದ, ಕಾಡಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಊರಿನ ಬಯಲಿನಿಂದ ಬಿಟ್ಟರೆ ಪತಂಗಗಳು ಮತ್ತೆ ಅವಳ ಮನೆಗೇ ಹೋಗುತ್ತವೆ. ಕಾಡಿನ ಅಂಚಿನಲ್ಲಿ, ಊರು ಬೆನ್ನ ಹಿಂದೆ ಬರುವಂತೆ ನಿಂತು ಬಿಟ್ಟರೆ ಎದುರು ಗಾಳಿಯಲ್ಲಿ ಕಾಡಿನ ದುಂಡವ್ವ ಮಾತ್ರ ಇರುತ್ತಾಳೆ. ಒಂಬತ್ತೂ ಪತಂಗಗಳ ಬೆನ್ನಿಗೆ ಟ್ರಾನ್ಸ್‌ಮಿಟರ್ ಅಂಟಿಸಿ ಪೆಟ್ಟಿಗೆಗೆ ಬಿಟ್ಟು, ಸೀರೆಯನ್ನು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿದರು. ಇಮಾಮಸಾಬ ಕಂಟ್ರೋಲ್ ರೂಮಿನಲ್ಲಿ ಕೂತ. ಪ್ರಮೋದಿನಿ, ಈರಪ್ಪ ಮತ್ತು ಇಬ್ಬರು ಊರವರು ಜೀಪು ಹತ್ತಿದರು.

ಹೊತ್ತು ಮುಳುಗುವಾಗ ಪೆಟ್ಟಿಗೆಯ ಮುಚ್ಚಳ ತೆಗೆದರು. ಒಂಬತ್ತೂ ಮೇಲೆದ್ದವು. ಒಂದು ಮಾತ್ರ ಅರ್ಧ ಸುತ್ತು ಹಾಕಿ ಬಂದು ಈರಪ್ಪನ ಎದೆಯ ಮೇಲೆ ಕೂತಿತು. ಅವನು ಅದನ್ನು ಓಡಿಸಲಿಲ್ಲ.

"ಮೂವತ್ತೆಂಟು ವರ್ಷದ ಸಂಸಾರರಿ," ಎಂದ. "ನನಗೂ ಆಕಿ ವಾಸನಿ ಹತ್ತಿರಬೇಕು."

ವಾಕಿಟಾಕಿಯಲ್ಲಿ ಇಮಾಮಸಾಬ ಚುಕ್ಕೆಗಳ ಲೆಕ್ಕ ಹೇಳುತ್ತಿದ್ದ. "ಎಂಟು ಮುಂದ ಹೊಂಟಾವು. ಏಳಾದ್ವು ಮೇಡಮ್ಮಾರ, ಒಂದು ಫಟ್ ಅಂತ ಹೋತು, ಬಾವಲಿ ಹಿಡದಿರಬೇಕು. ಹಳ್ಳ ದಾಟಿದ್ವು. ಸ್ವಲ್ಪ ಎಡಕ್ಕ ಬರ್ರಿ. ಇನ್ನೊಂದೂ ಹೋತು, ಆರ ಉಳದಾವು." ಪ್ರಮೋದಿನಿ ಮುಳ್ಳಿಗೆ ಸಿಕ್ಕ ಕೋಟನ್ನು ಬಿಡಿಸಿಕೊಳ್ಳದೆ ಹಾಗೇ ಕಳಚಿ ಬಿಟ್ಟು ನಡೆದಳು. ಜೀವಮಾನದಲ್ಲಿ ದೇವರಿಗೆ ಹರಕೆ ಹೊರದವಳು ಆರು ಹುಳಗಳಿಗೆ ಕೈಮುಗಿಯುತ್ತ ಹೋಗುತ್ತಿದ್ದಳು.

"ನಿಂತಾವ್ರಿ!" ಇಮಾಮಸಾಬ ಕೂಗಿಕೊಂಡ. "ಆರೂ ಒಂದ ಕಡೆ ನಿಂತಾವ. ಹಳೇ ಕಲ್ಲು ಕಣಿ ತಗ್ಗಿನಾಗ. ಇನ್ನೂರು ಹೆಜ್ಜಿ ಅಷ್ಟ."

ಯಾವುದೋ ಕಾಲದಲ್ಲಿ ಕಲ್ಲು ತೆಗೆದು ಬಿಟ್ಟಿದ್ದ ಗುಂಡಿ ಅದು, ಮೇಲೆ ಪೊದೆ ಬೆಳೆದು ಬಾಯಿ ಮುಚ್ಚಿತ್ತು. ಊರವರು ಸಂಜೆ ಅದರ ಪಕ್ಕದಲ್ಲೇ ಎರಡು ಸಲ ಹಾದುಹೋಗಿದ್ದರು. ಟಾರ್ಚಿನ ಬೆಳಕು ಕೆಳಗೆ ಬಿದ್ದಾಗ ಕಂಡದ್ದು ಮೊದಲು ರೆಕ್ಕೆಗಳು. ಬಂಡೆಗೆ ಒರಗಿ ಕಾಲು ಚಾಚಿ ಕೂತಿದ್ದ ದುಂಡವ್ವನ ಹೆಗಲ ಮೇಲೆ, ಸೆರಗಿನ ಮೇಲೆ, ಅಂಗೈ ಅಗಲದ ಆರು ಪತಂಗಗಳು ಕೂತಿದ್ದವು. ಪ್ರತಿಯೊಂದರ ರೆಕ್ಕೆಯಲ್ಲೂ ಕಣ್ಣಿನಂಥ ಚುಕ್ಕೆ. ಅವಳ ಬಲಗಾಲು ಬಾತು ತಿರುಚಿಕೊಂಡಿತ್ತು. ತುಟಿ ಒಣಗಿ ಒಡೆದಿತ್ತು. ಆದರೆ ಕಣ್ಣು ತೆರೆದಿತ್ತು.

"ಯಾರು, ಅಕ್ಕೋರೇನು?" ಅವಳ ದನಿ ಮೇಲಕ್ಕೆ ಬರಲು ಕಷ್ಟಪಡುತ್ತಿತ್ತು. "ಇಪ್ಪತ್ತೂ ಆ ಮತ್ತಿ ಗಿಡಕ್ಕ ಕಟ್ಟೀನ್ರಿ. ಒಂದೂ ಮಾರಿಲ್ಲ. ಬೇಕಾದ್ರ ಎಣಿಸ್ಕೋರಿ."

ಪ್ರಮೋದಿನಿ ಕಲ್ಲು ಹಿಡಿದುಕೊಂಡು ಇಳಿದು, ಆ ಹೆಂಗಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಟಲಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿದಳು. ಅಳು ಬರುತ್ತಿತ್ತು, ತಡೆಯಲಿಲ್ಲ. ಕ್ಷಮಿಸು ಎನ್ನಬೇಕೆಂದುಕೊಂಡಿದ್ದಳು. ದುಂಡವ್ವ ನೀರು ನುಂಗಿ, ಉಸಿರು ಬಿಟ್ಟು ಮೊದಲು ಕೇಳಿದಳು.

"ಇವತ್ತು ಏನು ಉಂಡ್ರಿ? ರೊಟ್ಟಿ ತರೂದಾಗಲಿಲ್ಲ ನನಗ."

"ಏನೂ ಉಂಡಿಲ್ಲವ್ವ," ಎಂದಳು ಪ್ರಮೋದಿನಿ. ಹಾಗೆ ಹೇಳಲು ಒಬ್ಬರು ಇದ್ದಾರೆ ಎಂಬುದೇ ಆ ಹೊತ್ತಿನಲ್ಲಿ ಅವಳಿಗೆ ದೊಡ್ಡ ಭಾಗ್ಯವೆನಿಸಿತು.

"ನಿನ್ನಿಯಿಂದ ಕೂಗಿ ಕೂಗಿ ದನಿ ಹೋತು. ಇನ್ನ ಇಲ್ಲೇ ಅಂತ ಮಾಡಿದ್ದೆ. ಒಂದು ಗಳಿಗಿ ಹಿಂದ ಇವು ಬಂದು ಕುಂತ್ವು. ಇವು ಬಂದ್ವು ಅಂದ್ರ ಹಿಂದ ನೀವು ಬರ್ತೀರಿ ಅಂತ ಖಾತ್ರಿ ಆತು," ಎಂದಳು ದುಂಡವ್ವ.

ಹೆಗಲ ಮೇಲೆ ಹೊತ್ತುಕೊಂಡು ಮೇಲಕ್ಕೆ ತರುವಾಗಲೂ ಎರಡು ಪತಂಗಗಳು ಸೆರಗು ಬಿಟ್ಟು ಏಳಲಿಲ್ಲ. ಅವು ಜೀಪಿನಲ್ಲಿ ಆಸ್ಪತ್ರೆಯ ಬಾಗಿಲವರೆಗೂ ಬಂದವು. ನರ್ಸು ಓಡಿಸಲು ಹೋದಾಗ ಈರಪ್ಪ, "ತಂಗೆವ್ವಾ, ಅವು ನಮ್ಮ ಸಂಬಂಧಿಕರು" ಎಂದನಂತೆ.

ಆರರಲ್ಲಿ ಯಾವುದೂ ಆಮೇಲೆ ಆರು ದಿನಕ್ಕಿಂತ ಹೆಚ್ಚು ಬದುಕಲಿಲ್ಲ. ಅವುಗಳ ಆಯುಷ್ಯವೇ ಅಷ್ಟು, ಅದರಲ್ಲಿ ಒಂದು ರಾತ್ರಿಯನ್ನು ಅವು ದುಂಡವ್ವನಿಗೆ ಕೊಟ್ಟಿದ್ದವು. ಮಾದರಿಗೆಂದು ಸೂಜಿ ಚುಚ್ಚಿ ಗಾಜಿನ ಪೆಟ್ಟಿಗೆಯಲ್ಲಿಡುವುದು ಪದ್ಧತಿ. ಪ್ರಮೋದಿನಿ ಸಿಕ್ಕ ನಾಲ್ಕನ್ನು ಕೇಂದ್ರದ ಎದುರಿನ ಮತ್ತಿ ಮರದ ಬುಡದಲ್ಲಿ ಮಣ್ಣು ಮಾಡಿದಳು. ಆಮೇಲೆ ವರದಿ ತೆಗೆದು ಆ ಒಂದು ಸಾಲನ್ನು ಹೊಡೆದು ಹಾಕಿದಳು. ತರಬೇತಿಯ ವಿಧಾನ ಎಂಬಲ್ಲಿ, ಎಲೆಯನ್ನು ಸೆರಗಿನಿಂದ ಒರೆಸಿ ಹಾಕುವುದು, ಎಂದು ಬರೆದಳು. ಸಮಿತಿಯವರು ಸೆರಗು ಎಂದರೆ ಯಾವ ಉಪಕರಣ ಎಂದು ವಿವರಣೆ ಕೇಳಿ ಪತ್ರ ಬರೆದರು. ಅವಳು ವಿವರಣೆ ಕೊಟ್ಟಳು, ಗಾಳಿ ಶೋಧಕದ ಪ್ರಬಂಧವನ್ನೂ ಹಿಂದಕ್ಕೆ ಪಡೆದಳು. ಕೇಂದ್ರ ಮುಚ್ಚಲಿಲ್ಲ.

ಬೀಜಕ್ಕಿಟ್ಟಿದ್ದ ಗೂಡುಗಳಿಂದ ಪತಂಗ ಬಂದು, ಮೊಟ್ಟೆ ಇಟ್ಟು, ಮೊಟ್ಟೆ ಒಡೆದು ಹೊಸ ಹುಳಗಳು ಹೆಬ್ಬೆರಳಿನಷ್ಟು ದಪ್ಪಗಾಗುವ ಹೊತ್ತಿಗೆ ಮತ್ತಿಕೊಪ್ಪದಲ್ಲಿ ಹೊಸದೊಂದು ರೂಢಿ ಶುರುವಾಗಿತ್ತು. ಸುತ್ತಿನ ಹಳ್ಳಿಗಳಿಂದ ಮರೆವು ಹತ್ತಿದ ಹಿರಿಯರನ್ನು ಮನೆಯವರು ಕೈಹಿಡಿದು ಕರೆತರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ. ಕೊನೆಯ ವಾರ ದಿನಕ್ಕೆ ಮೂರು ಸಲ ತಮ್ಮ ಸೆರಗಿನಿಂದಲೋ ರುಮಾಲಿನಿಂದಲೋ ಎಲೆ ಒರೆಸಿ ತಾವೇ ಹಾಕಬೇಕು. ಮಕ್ಕಳ ಹೆಸರು ಮರೆತವರೂ ಎಲೆ ಒರೆಸುವುದನ್ನು ಮರೆಯುತ್ತಿರಲಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ದುಂಡವ್ವ ಸ್ಟೂಲಿನ ಮೇಲೆ ಕೂತು ಎಲ್ಲರನ್ನೂ ಗದರಿಸುತ್ತಿದ್ದಳು.

ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅವಳು ಪ್ರಮೋದಿನಿಯನ್ನು ಕರೆದಳು. ಮೂಲೆಯಲ್ಲಿ ಒಂದು ತಟ್ಟೆ, ಅದಕ್ಕೆ ಯಾರ ಹೆಸರಿನ ಚೀಟಿಯೂ ಇರಲಿಲ್ಲ.

"ಇದು ಯಾರದು, ದುಂಡವ್ವ?"

"ನಿಮ್ಮದು. ನಿನ್ನಿಯಿಂದ ಬರೇ ಗಾಳಿಗೆ ಆರಿಸಿದ ಎಲಿ ಹಾಕಿ ಇಟ್ಟೀನಿ, ಯಾರ ಕೈನೂ ಹತ್ತಿಸಿಲ್ಲ. ಈ ಕೋಟ ತಗೀರಿ ಮೊದಲ, ದವಾಖಾನಿ ವಾಸನಿ ಬರತೈತಿ."

"ನನಗ್ಯಾಕ ಇದು? ನನ್ನ ಕೈಯಾಗ ಪಟ್ಟಿ ಐತಲ್ಲ."

"ಪಟ್ಟಿ ನಮ್ಮ ಎಮ್ಮಿಗೂ ಐತ್ರಿ," ಎಂದಳು ದುಂಡವ್ವ. "ಪಟ್ಟಿ ಎಲ್ಲಿದ್ದೀರಿ ಅಂತ ಹೇಳೀತು, ಹುಡುಕ್ಕೊಂಡು ಬರಂಗಿಲ್ಲ. ನಾಳೆ ನೀವು ಎಲ್ಲ್ಯರ ಬಿದ್ರ, ನನ್ನ ಕಾಲಂತೂ ಹಿಂಗಾತು. ನಿಮ್ಮ ಕೈಲೆ ಉಂಡಿದ್ದು ಒಂದರ ಇರಬೇಕಿಲ್ಲೋ?"

ಪ್ರಮೋದಿನಿ ಆರು ವರ್ಷ ಹುಳಗಳ ತೂಕ ಬರೆದಿದ್ದಳು, ಉದ್ದ ಬರೆದಿದ್ದಳು, ಒಂದಕ್ಕೂ ಕೈಯಾರೆ ಎಲೆ ಹಾಕಿರಲಿಲ್ಲ. ಕೋಟು ತೆಗೆದು ಮೊಳೆಗೆ ಹಾಕಿದಳು. ಹೆಗಲ ಮೇಲಿನ ದುಪಟ್ಟಾದ ತುದಿಯಿಂದ ಒಂದು ಮತ್ತಿ ಎಲೆಯನ್ನು ಹಿಂದೆ ಮುಂದೆ ಒರೆಸಿ ತಟ್ಟೆಯಲ್ಲಿಟ್ಟಳು. ಹಸಿರು ಹುಳವೊಂದು ತಲೆ ಎತ್ತಿ ಅತ್ತಿತ್ತ ನೋಡಿ, ಎಲೆಯ ಅಂಚು ಹಿಡಿದು ತಿನ್ನತೊಡಗಿತು.

"ಹೂಂ, ಇನ್ನೊಂದು ಒರಸ್ರಿ," ಎಂದು ದುಂಡವ್ವ ಮುಂದಿನ ಎಲೆ ಕೊಟ್ಟಳು.